ಅಯಸ್ಕಾಂತ ತಿರುಗಿಸುತ್ತದೆ ಎಂದಿದ್ದೆ

ಅವ್ವನ ಎಡ ಎದೆಯ ಗಡ್ಡೆ ತೆಗೆದ ಮೇಲೆ ನಮ್ಮೂರು ಭೇರ್ಯದಿಂದ ದಿನಾ ಮೈಸೂರಿಗೆ ಹೋಗಿ ಕರೆಂಟು ಕೊಡಿಸಬೇಕಿತ್ತು. ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೇ ಅನ್ನುತ್ತಾರೆ. ಯಂತ್ರದಿಂದ ಹೊರಬರುವ ಎಲೆಕ್ಟ್ರಾನುಗಳು ಎಲ್ಲಿ ಬೀಳಬೇಕೆಂದು ಎದೆಯ ಮೇಲೆ ನೇರಳೆ ಗೆರೆ ಎಳೆದಿದ್ದರು. ನೀರು ಸೋಕಿಸಬೇಡಿ, ಒಳಗೆ ಗುಂಡಿಗೆ ಇದೆ, ಗೆರೆ ತಪ್ಪಬಾರದು ಎಂದು ಡಾಕ್ಟರು ನನಗೆ ಎರಡೆರಡು ಸಲ ಹೇಳಿದ್ದರು.

ಅವ್ವನಿಗೆ ವಿಪರೀತ ಭಯ. ಮೊದಲ ದಿನ ಬಸ್ಸಿನಲ್ಲಿ ನನ್ನ ಕೈ ಬಿಡಲೇ ಇಲ್ಲ. ನಾನೋ ಕೆ.ಆರ್. ನಗರದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು, ತೆಪ್ಪಗಿರಲಾಗದ ಬಾಯಿ. "ಎಲೆಕ್ಟ್ರಾನು ನೇರ ಓಡ್ತಿರ್ತದೆ ಕಣವ್ವ. ಮಿಷಿನ್ನೊಳಗೆ ಅಯಸ್ಕಾಂತ ಇರ್ತದೆ. ಅದು ತಿರುಗಿಸಿ ಕಾಯಿಲೆ ಇರೋ ಜಾಗಕ್ಕೇ ಕಳಿಸ್ತದೆ," ಎಂದೆ. ಅವ್ವನ ಮುಖ ಅರಳಿತು. ಎಷ್ಟು ಚೆನ್ನಾಗಿ ಹೇಳಿಬಿಟ್ಟೆ ಎಂದು ಬೀಗಿದೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಯುಗಾದಿಯ ಮಾರನೆಯ ದಿನದಿಂದ ನನಗೆ ಮೂರು ದಿನ ಮೌಲ್ಯಮಾಪನದ ಡ್ಯೂಟಿ ಬಿತ್ತು. ಅಷ್ಟು ದಿನ ತಮ್ಮನೇ ಅವ್ವನನ್ನು ಕರೆದುಕೊಂಡು ಹೋದ. ಅದು ಮುಗಿದ ಮೇಲೆ ಮತ್ತೆ ನಾನು ಹೋದೆ.

ಅವ್ವನನ್ನು ಒಳಗೆ ಮಲಗಿಸಿ ದಪ್ಪ ಬಾಗಿಲು ಮುಚ್ಚಿದರು. ಹೊರಗಿನ ಬೆಂಚಿನಲ್ಲಿ ಕೂತು ನೀರಿಗೆಂದು ಅವಳ ಚೀಲಕ್ಕೆ ಕೈ ಹಾಕಿದೆ. ಕರವಸ್ತ್ರದಲ್ಲಿ ಸುತ್ತಿದ ಸ್ಕೆಚ್ ಪೆನ್ನು ಸಿಕ್ಕಿತು. ನೇರಳೆ ಬಣ್ಣದ್ದು. ಹೆಬ್ಬೆಟ್ಟೊತ್ತುವ ಅವ್ವನಿಗೆ ಪೆನ್ನು ಯಾಕೆ?

ಹಬ್ಬದ ಎಣ್ಣೆಸ್ನಾನ! ಆ ಅಯಸ್ಕಾಂತ ಇರುವುದು ಯಂತ್ರದ ಒಳಗೆ. ಗೊತ್ತುಮಾಡಿದಷ್ಟು ಬಾಗಿಸುತ್ತದೆ, ಅಷ್ಟೆ. ಕಾಯಿಲೆ ಯಾವುದು, ಗುಂಡಿಗೆ ಯಾವುದು, ಅದಕ್ಕೇನು ಗೊತ್ತು? ಹೊರಬಿದ್ದ ಎಲೆಕ್ಟ್ರಾನನ್ನು ಅಡ್ಡಹಾಕಿ ತಿರುಗಿಸಲು ಅಲ್ಲಿ ಯಾರೂ ಇಲ್ಲ.

"ನಿಲ್ಸಿ ಸಾರ್! ದಮ್ಮಯ್ಯ, ನಿಲ್ಸಿ!" ಎಂದು ಆಪರೇಟರನ ಕೋಣೆಗೆ ನುಗ್ಗಿದೆ. ಅವನು ಇನ್ನೂ ಗುಂಡಿ ಒತ್ತಿರಲಿಲ್ಲ.

ಬಾಗಿಲು ತೆಗೆಸಿ, ಡಾಕ್ಟರು ಬಂದು ಅಳೆದರು. ಗೆರೆ ಎರಡು ಬೆರಳು ಗುಂಡಿಗೆಯ ಕಡೆಗೆ ಸರಿದಿತ್ತು. ನಾನು ಅವ್ವನ ಮೇಲೆ ಕೂಗಾಡಿದೆ.

"ಅಬ್ಬದಲ್ಲಿ ನಿನ್ ತಮ್ಮನ್ ಎಂಡ್ರು ಸೀಗೆಪುಡಿ ಆಕಿ ತಿಕ್ಬುಟ್ಲು ಕಣವ್ವ. ಗೆರೆ ಓಯ್ತು. ಬಯ್ತಾರೆ ಅಂತ ನಾನೇ ಬರ್ಕಂಡೆ," ಎಂದು ಅವ್ವ ಕಣ್ಣು ಒರೆಸಿಕೊಂಡಳು. "ವಸಿ ಆಚೀಚೆ ಆದ್ರೆ ಏನಂತೆ? ಅಯಸ್ಕಾಂತ ತಿರುಗಿಸ್ತದೆ ಅಂತ ನೀನೇ ಅಂದಿದ್ದಲ್ಲ?"

ಡಾಕ್ಟರು ಟೇಪು ಮಡಿಸುತ್ತಾ ಮೆಲ್ಲಗೆ ಕೇಳಿದರು: "ಅಮ್ಮಾ, ಹಬ್ಬ ಆದ್ಮೇಲೆ ಎಷ್ಟು ಸಲ ಕರೆಂಟ್ ತಗೊಂಡ್ರಿ?"

"ಮೂರು ಸಲ," ಎಂದಳು ಅವ್ವ.