ತಟ್ಟೆಗೆ ಬಾರದ ಊಟ

ಬೀದಿಯವರು ಅವನನ್ನು ತಕ್ಕಡಿ ಅಂತಲೇ ಕರೆಯುತ್ತಿದ್ದರು. ಆಹಾರ ಸಮೀಕ್ಷೆಯ ಕೆಲಸ. ಮನೆಮನೆಗೆ ಹೋಗಿ ಒಬ್ಬೊಬ್ಬರ ತಟ್ಟೆ ತೂಗಬೇಕು. ಜನರ ಮೈಗೆ ಯಾವುದರಿಂದ ಏನು ಸೇರುತ್ತದೆ ಅಂತ ಬರೆಯಬೇಕು.

ಒಂದು ದಿನ ಕಚೇರಿಯಲ್ಲಿ ಸಾಹೇಬರು ಅವನ ಹಾಳೆ ವಾಪಸ್ ಎಸೆದರು.

"ಏನಯ್ಯಾ ಇದು? ದರ್ಜಿ ಮನೆ ಸೊಸೆ ತಿಂದಿರೋದು ಗುಬ್ಬಿಗೂ ಸಾಲದು. ಈ ಲೆಕ್ಕದಲ್ಲಿ ಅವಳು ಸತ್ತು ವರ್ಷ ಆಗಿರಬೇಕು."

"ನಿನ್ನೆ ನಲ್ಲಿ ಹತ್ರ ಜಗಳ ಆಡ್ತಿದ್ರು ಸಾರ್. ಗೆದ್ರು ಕೂಡ."

"ತಮಾಷೆ ಬೇಡ. ಸೋಮವಾರದೊಳಗೆ ಸರಿ ಮಾಡು. ಇಲ್ಲಾಂದ್ರೆ ತಕ್ಕಡಿ ಇಲ್ಲೇ ಇಟ್ಟು ಹೋಗು."

ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ. ಅಂದಾಜಿಗೆ ಒಂದು ಅಂಕಿ ಗೀಚಿದ್ದರೆ ಮುಗಿಯುತ್ತಿತ್ತು. ಗೀಚಲಿಲ್ಲ. ಹಾಗಾದರೆ ಆ ಹೆಂಗಸು ಏನು ತಿಂದು ಬದುಕಿದ್ದಾಳೆ? ಅದೇ ತಲೆ ಕೊರೆಯಿತು.

ಬೆಳಗಾಗುತ್ತಲೇ ಹೋಗಿ ದರ್ಜಿಯ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲ್ ಹಾಕಿ ಕೂತ.

"ಏನಪ್ಪಾ, ಅಡುಗೆ ಕಲಿತ್ಕೊಂಡು ಬಾ ಅಂತ ಹೆಂಡತಿ ಕಳಿಸಿದ್ಲಾ?" ಅಂದಳು ಅತ್ತೆ.

"ಅವಳು ನನ್ನನ್ನ ಒಲೆ ಹತ್ರ ಬಿಟ್ಟುಕೊಳ್ಳಲ್ಲ ಅಜ್ಜಿ."

ಸೊಸೆಗೆ ಅವನು ಇರುವುದೇ ಮರೆತುಹೋಯಿತು. ಹಾಲಿನ ಪಾತ್ರೆಯ ತಳಕ್ಕೆ ಅಂಟಿದ ಗಟ್ಟಿ ಹಾಲು ಕೆರೆದು ಬಾಯಿಗೆ ಹಾಕಿಕೊಂಡಳು. ಅನ್ನದ ಗಂಜಿಗೆ ಉಪ್ಪು ಹಾಕಿ ನಿಂತೇ ಕುಡಿದಳು. ಬೇಳೆಯ ರುಚಿ ನೋಡಿದ್ದು ಆರು ಸಲ, ಅಂಗೈ ತುಂಬ. ಮಗು ಬಿಟ್ಟ ಅರ್ಧ ಮೊಟ್ಟೆಯೂ ಹೊಟ್ಟೆಗೇ ಹೋಯಿತು. ಎಲ್ಲರಿಗೂ ಬಡಿಸಿ ತಾನು ಕೂತಾಗ ತಟ್ಟೆಯಲ್ಲಿ ಎರಡು ತುತ್ತು.

"ಇವತ್ತು ಏನು ತಿಂದ್ರಮ್ಮಾ?"

"ಎಲ್ಲಿ ತಿಂದೆ? ಪುರುಸೊತ್ತೇ ಆಗಲಿಲ್ಲ."

ಸುಳ್ಳಲ್ಲ. ಅವಳು ಅದನ್ನು ಊಟ ಅಂದುಕೊಂಡೇ ಇರಲಿಲ್ಲ.

ಮಾರನೇ ದಿನ ತಟ್ಟೆ ಬಿಟ್ಟು ಪಾತ್ರೆ, ಸೌಟು ಎಲ್ಲ ತೂಗಿದ. ಅವಳ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಹಾಲಿನ ಪಾತ್ರೆಯ ತಳದಲ್ಲಿತ್ತು. ಪ್ರೋಟೀನ್ ಸೌಟಿನ ಬೇಳೆಯಲ್ಲಿ, ಎಂಜಲು ಮೊಟ್ಟೆಯಲ್ಲಿ.

ಸೋಮವಾರ ಸಾಹೇಬರು ಹಾಳೆಯನ್ನು ಎರಡು ಸಲ ಓದಿದರು.

"ಮಿಕ್ಕ ಮನೆಗಳಲ್ಲೂ ಪಾತ್ರೆ ತೂಗು" ಅಂದರು. ತಕ್ಕಡಿ ಅವನ ಕೈಯಲ್ಲೇ ಉಳಿಯಿತು.

ಸಂಜೆ ಮನೆಗೆ ಬಂದಾಗ ಹೆಂಡತಿ ಪಾತ್ರೆ ಕೆರೆಯುತ್ತಿದ್ದಳು.

"ತಡಿ! ಬಾಯಿಗೆ ಹಾಕ್ಬೇಡ, ತೂಗ್ಬೇಕು."

"ಮೊದಲು ನಿನ್ನ ತಲೆ ತೂಗ್ಕೋ."

ಅವನು ನಕ್ಕ. ಆದರೂ ತೂಗಿದ. ಮೂವತ್ತೊಂದು ಗ್ರಾಂ.

ಅವನು ತೀರಿಹೋಗಿ ಈಗ ಎರಡು ವರ್ಷ. ತಕ್ಕಡಿಯನ್ನು ಕಚೇರಿಯವರು ತೆಗೆದುಕೊಂಡು ಹೋದರು. ಹೆಂಡತಿ ಈಗಲೂ ಪಾತ್ರೆ ಕೆರೆಯುತ್ತಾಳೆ. ಬಾಯಿಗೆ ಹಾಕುವ ಮೊದಲು ಒಂದು ಗಳಿಗೆ ತಡೆಯುತ್ತಾಳೆ.