ಇನ್ನೂರು ರೂಪಾಯಿಗೆ ಹೋದ ಜೇನು

ಇನ್ನೂರು ರೂಪಾಯಿ ಉಳಿಸಲು ಹೋಗಿ ನಾನು ಇಪ್ಪತ್ತು ಪೆಟ್ಟಿಗೆ ಜೇನುಹುಳ ಕೊಂದೆ. ಹೂಬಿಟ್ಟ ಸೂರ್ಯಕಾಂತಿಗೆ ಕೀಡೆ ಬಿದ್ದಿತ್ತು. ಸಂಜೆ ಔಷಧಿ ಹೊಡೆಯಲು ಡ್ರೋನಿನವನು ಒಂದು ರೇಟು ಹೇಳಿದ. ನಾನು ಬಿಡದೆ ಚೌಕಾಸಿ ಮಾಡಿದ್ದಕ್ಕೆ, "ಮುಂಜಾನಿ ಆದ್ರ ಇನ್ನೂರು ಕಡಿಮಿ ಕೊಡ್ರಿ" ಎಂದ. ಗೆದ್ದೆ ಅಂದುಕೊಂಡೆ. ಮರುದಿನ ಮುಂಜಾನೆಯೇ ಹೊಡೆಸಿದೆ; ಅದು ಜೇನುಹುಳಗಳೆಲ್ಲ ಹೂವಿನ ಮೇಲಿರುವ ಹೊತ್ತು.

ಮಧ್ಯಾಹ್ನ ಇರಕಲ್ಲಗಡದಿಂದ ಹುಸೇನಸಾಬ ಬಂದ. ನನ್ನ ಹೊಲದ ಬದುವಿನಲ್ಲಿ ಪೆಟ್ಟಿಗೆಯಿಟ್ಟು, ಜೇನು ಮಾರಿ ಸಂಸಾರ ನಡೆಸುವವನು ಆತ. ಪೆಟ್ಟಿಗೆಗಳ ಮುಂದೆ ಉದುರಿದ್ದ ಹುಳಗಳನ್ನು ಟವೆಲ್ಲಿನಿಂದ ಬಳಿದು ಗುಡ್ಡೆ ಮಾಡಿದ. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು.

"ಚೌಕಾಸಿ ಭಾಳ ಛಲೋ ಮಾಡ್ತೀರಿ ಗೌಡ್ರ," ಎಂದ. "ನಿನ್ನಿ ಒಂದು ಫೋನ್ ಮಾಡಿದ್ರ, ಕತ್ತಲಾದ ಮ್ಯಾಲ ಪೆಟ್ಟಿಗಿ ಬಾಗಲಾ ಮುಚ್ಚಿ ಎತ್ತಿ ಒಯ್ತಿದ್ನಲ್ರಿ."

ಖಾಲಿ ಪೆಟ್ಟಿಗೆ ಹೇರಿಕೊಂಡು ಹೋದವನು ಈಗ ಕುಕನೂರಿನಲ್ಲಿ ಮೂಟೆ ಹೊರುತ್ತಾನೆ. ಹೂವಿಂದ ಹೂವಿಗೆ ಪರಾಗ ಒಯ್ಯುವ ಹುಳವಿಲ್ಲದೆ ನನ್ನ ಸೂರ್ಯಕಾಂತಿಯಲ್ಲಿ ಅರ್ಧ ಜೊಳ್ಳು. ಹೂಬಿಟ್ಟ ಬೆಳೆಗೆ ಔಷಧಿ ಹೊಡೆಯಲೇಬೇಕಾದರೆ, ಹೊತ್ತು ಮುಳುಗಿ ಹುಳ ಗೂಡು ಸೇರಿದ ಮೇಲೆ ಹೊಡೆಸಿ. ಹಿಂದಿನ ದಿನವೇ ಪೆಟ್ಟಿಗೆಯವರಿಗೆ ಫೋನ್ ಮಾಡಿ. ಡ್ರೋನಿನವನು ಸಂಜೆಯ ರೇಟು ಕೇಳಿದರೆ ಮರುಮಾತಾಡದೆ ಕೊಟ್ಟುಬಿಡಿ.