ಗಡಿಯಲ್ಲಿ ಉದುರಿದ ಸಿಗರೇಟು

ಜಿಬ್ರಾಲ್ಟರಿನಿಂದ ಸ್ಪೇನಿಗೆ ನಡೆದೇ ದಾಟುವ ಗಡಿಯಲ್ಲಿ ನಾನೂ ಅಣ್ಣನೂ ಸಾಲಿನಲ್ಲಿ ನಿಂತಿದ್ದೆವು. ಅಣ್ಣ ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುವವನು. ಜಿಬ್ರಾಲ್ಟರಿನಲ್ಲಿ ಸಿಗರೇಟು ಅಗ್ಗ. ಅದನ್ನು ಕದ್ದು ಆಚೆಗೆ ಸಾಗಿಸುವುದು ಈ ಪುಟ್ಟ ನಾಡಿನ ಮಾಮೂಲಿ ಅಪರಾಧವಂತೆ.

ಕಸ್ಟಮ್ಸ್ ಅಧಿಕಾರಿಯೊಬ್ಬಳು ನಮ್ಮ ಮುಂದಿದ್ದ ಮುದುಕಿಯ ಕೋಟು ಬಿಚ್ಚಿಸಿದಳು. ಸೊಂಟಕ್ಕೆ ಸುತ್ತಿಕೊಂಡಿದ್ದ ಸಿಗರೇಟು ಪ್ಯಾಕುಗಳು ಪಟಪಟನೆ ನೆಲಕ್ಕೆ ಬಿದ್ದವು. ಅಣ್ಣ ಬಗ್ಗಿ ಆಯತೊಡಗಿದ.

“ಮುಟ್ಬ್ಯಾಡ ಕಣಣ್ಣ, ನಮ್ಮನ್ನೂ ಹಿಡ್ಕತಾರೆ!” ಎಂದು ತೋಳು ಜಗ್ಗಿದೆ.

ಅವನು ಕೇಳಲಿಲ್ಲ. ಆಯ್ದದ್ದನ್ನೆಲ್ಲ ಮುದುಕಿಯ ಕೈಗೇ ಕೊಟ್ಟ. ಅಧಿಕಾರಿ ನಮ್ಮ ಚೀಲಗಳನ್ನೂ ಸುರಿಸಿ ತಡಕಿ, ಏನೂ ಸಿಗದೆ ಕಳಿಸಿದಳು. ಮುದುಕಿಯನ್ನು ಒಳಗೆ ಕರೆದೊಯ್ದರು.

ದಾಟಿದ ಮೇಲೆ ನಾನು ಬಿರಬಿರನೆ ಹೆಜ್ಜೆ ಹಾಕಿದೆ. ಅಣ್ಣ ತಿರುತಿರುಗಿ ಹಿಂದೆ ನೋಡುತ್ತಿದ್ದ.

“ಬಗ್ಗಕ್ಕೆ ಆಯ್ತಿರ್ನಿಲ್ಲ ಕಣ್ಲಾ ಆವಮ್ಮಂಗೆ,” ಎಂದ.